ಹಳೆಯ ಮೂಗಿಗೆ ಹೊಸ ತೇಪೆ

ಹೆಬ್ಬಗೋಡಿ
16-7-1998, ಗುರುವಾರ

ನಿವೇದಿತಾ,

ಎರಡು ವರ್ಷದ ಮೇಲೆ ಬರೆಯುತ್ತಿದ್ದೇನೆ. ಸಿಟ್ಟು ಇಳಿದಿದೆ ಎಂದು ತಿಳಿಯಬೇಡ. ಕೆಲಸ ಬಿದ್ದಿದೆ, ಅದಕ್ಕೆ ಬರೆಯುತ್ತಿದ್ದೇನೆ.

ದಾವಣಗೆರೆಯ ಹಾಸ್ಟೆಲಿನಲ್ಲಿ ನಾವಿಬ್ಬರೂ ಕೂತು ಬರೆದ ‘ಮೂಗು’ ಪ್ರೋಗ್ರಾಂ ಇನ್ನೂ ಬದುಕಿದೆ, ಗೊತ್ತೇನೇ? ಹೊಸ ಮೂಗನ್ನು ಒಬ್ಬಳೇ ಬರೆದು, ಹಳೆಯದು ಸತ್ತಿತು ಎಂದು ಊರಿಗೆಲ್ಲ ಸಾರಿದೆಯಲ್ಲ, ಆ ಹಳೆಯದೇ. ಬೊಮ್ಮಸಂದ್ರದ ಈ ಔಷಧಿ ಕಾರ್ಖಾನೆಗೆ ಸೇರಿದಾಗ ನಾನೇ ಅದನ್ನು ತಂದು ಕೂರಿಸಿದೆ. ಇಲ್ಲಿ ಹನ್ನೆರಡು ಕಡೆ ಗಾಳಿಯಲ್ಲಿ ಸಾಲ್ವೆಂಟಿನ ವಿಷದ ಆವಿ ಎಷ್ಟಿದೆ ಎಂದು ಅಳೆಯುವ ಸೆನ್ಸರ್‌ಗಳಿವೆ. ಮೂಗು ಒಂದೊಂದನ್ನೇ ಮಾತಾಡಿಸುತ್ತಾ ಹನ್ನೆರಡನ್ನೂ ಮುಗಿಸಿ ಮತ್ತೆ ಮೊದಲನೆಯದಕ್ಕೆ ಬರುತ್ತದೆ. ಅಂಕಿ ಏರಿದರೆ ಸೈರನ್ ಕೂಗಿಸುತ್ತದೆ.

ಹೋದ ಸೋಮವಾರ ಹನ್ನೆರಡನೆಯ ಸೆನ್ಸರಿನ ತಂತಿಯನ್ನು ಹೆಗ್ಗಣ ಕಡಿದು ಹಾಕಿತು. ಅದು ತ್ಯಾಜ್ಯದ ಗುಂಡಿಯ ಸೆನ್ಸರು. ಹನ್ನೆರಡು ಅಡಿ ಆಳ, ತಳದಲ್ಲಿ ರಾಡಿ. ತಂತಿ ಹೋದ ಮೇಲೆ ನಮ್ಮ ಮೂಗು ಏನು ಮಾಡಿತು? ಕೊನೆಯ ಸಲ ಬಂದಿದ್ದ ಸೊನ್ನೆಯನ್ನೇ ಹಿಡಿದುಕೊಂಡು ಬೆಳಗಿನಿಂದ ಸಂಜೆಯವರೆಗೂ ಸೊನ್ನೆ ಸೊನ್ನೆ ಎಂದು ತೋರಿಸುತ್ತಾ ಕೂತಿತ್ತು. ಗುಂಡಿಯ ಕೆಲಸ ನೋಡಿಕೊಳ್ಳುವ ನೀಲಪ್ಪ ಬಂದು, “ಮೇಡಂ, ಕಣ್ಣ ಉರಿಯಾಕ ಹತ್ಯಾವು. ನಿಮ್ಮ ಸೈರನ್ ಯಾಕ ಒದರವಲ್ದು?” ಎಂದು ಕೇಳಿದಾಗಲೇ ನನಗೆ ಗೊತ್ತಾಗಿದ್ದು.

ಹೊಸ ಮೂಗಿನಲ್ಲಿ ಇದನ್ನು ಸರಿಮಾಡಿದ್ದೀಯಂತೆ. ಸೆನ್ಸರಿನಿಂದ ಸುದ್ದಿ ಬರದಿದ್ದರೂ ಸೈರನ್ ಕೂಗುತ್ತದಂತೆ. ಆ ತೇಪೆಯನ್ನು ಹಳೆಯದಕ್ಕೂ ಹಾಕಿಕೊಡು. ನಮ್ಮ ಕಾರ್ಖಾನೆಗೆ ಇಂಟರ್ನೆಟ್ ಇಲ್ಲ. ಪ್ರತಿ ಗುರುವಾರ ನಮ್ಮ ವ್ಯಾನು ವೈಟ್‌ಫೀಲ್ಡಿನ ಕಂಟೇನರ್ ಡಿಪೋಗೆ ಬರುತ್ತದೆ. ಡ್ರೈವರ್ ಶ್ಯಾಮಣ್ಣನ ಕೈಗೆ ಫ್ಲಾಪಿ ಕೊಟ್ಟರೆ ನನಗೆ ಸೇರುತ್ತದೆ.

ಸುಮಂಗಲಾ


ಬ್ರೂಕ್‌ಫೀಲ್ಡ್
23-7-1998

ಸುಮಂಗಲಾ,

ನಿನ್ನ ಶ್ಯಾಮಣ್ಣ ಬಾಗಿಲಲ್ಲಿ ನಿಂತು, “ಮೇಡಂ, ಉತ್ರ ಇಸ್ಕೊಂಡೇ ಬಾ ಅಂದವ್ರೆ” ಎಂದು ಹಟ ಹಿಡಿದಿದ್ದಾರೆ. ನಿಂತ ಕಾಲಲ್ಲೇ ಬರೆಯುತ್ತಿದ್ದೇನೆ.

ಹಳೆಯದು ಸತ್ತಿತು ಎಂದು ನಾನು ಬರೆದಿರಲಿಲ್ಲ. ಮುಚ್ಚಿದ್ದೇನೆ ಎಂದು ಬರೆದಿದ್ದೆ. ಎರಡಕ್ಕೂ ವ್ಯತ್ಯಾಸವಿದೆ. ಮೂಗನ್ನು ಯಾರು ಬೇಕಾದರೂ ತೆಗೆದುಕೊಳ್ಳಲಿ, ತಿದ್ದಲಿ ಎಂದು ಇಂಟರ್ನೆಟ್ಟಿನಲ್ಲಿ ಹರವಿಟ್ಟಾಗ ನೀನೂ ಒಪ್ಪಿದ್ದೆ. ಈಗ ಪ್ರಪಂಚದಲ್ಲಿ ನಲವತ್ತು ಜನ ಅದನ್ನು ಬಳಸುತ್ತಾರೆ. ಎಲ್ಲರೂ ಹೊಸದಕ್ಕೆ ಬನ್ನಿ ಎಂದು, ಅವರಿಗೆಲ್ಲ ಈಮೇಲ್ ಹೋಗುವ ಮೇಲಿಂಗ್ ಲಿಸ್ಟಿನಲ್ಲಿ ವರ್ಷದಿಂದ ಬಡಿದುಕೊಳ್ಳುತ್ತಿದ್ದೇನೆ. ಹಳೆಯದಕ್ಕೆ ‘ಸ್ಟೇಬಲ್’ ಎಂದು ಹೆಸರಿಟ್ಟಿದ್ದೇ ಅದಕ್ಕೆ ಕೈ ಹಾಕಬಾರದೆಂದು.

ತೇಪೆ ಹಾಕಿಕೊಡು ಎಂದು ಒಂದು ಸಾಲಿನಲ್ಲಿ ಬರೆದುಬಿಟ್ಟೆ. ಹೊಸದರಲ್ಲಿ ಗೋಡೆಗಳನ್ನೇ ಬದಲಿಸಿದ್ದೇನೆ. ಹೊಸ ಮನೆಯ ಬಾಗಿಲು ಕಿತ್ತು ತಂದು ಹಳೆಯ ಮನೆಗೆ ನಿಲ್ಲಿಸಿದರೆ ಚೌಕಟ್ಟು ಕೂರಬೇಕಲ್ಲ? ಕೂತರೂ ಚಿಲಕ ಎಲ್ಲಿ ಬೀಳುತ್ತದೋ ಯಾರಿಗೆ ಗೊತ್ತು. ಹೊಸದರ ಫ್ಲಾಪಿ ಇದರ ಜೊತೆಗಿದೆ, ಅದನ್ನೇ ಹಾಕಿಕೋ. ಅದೇ ಸರಿಯಾದ ದಾರಿ.

ಕಣ್ಣುರಿ ಬಂದ ಆ ಮನುಷ್ಯ ಈಗ ಹೇಗಿದ್ದಾರೆ?

ನಿವೇದಿತಾ


ಹೆಬ್ಬಗೋಡಿ
30-7-1998

ನಿವಿ,

ಉಪದೇಶಕ್ಕೆ ಥ್ಯಾಂಕ್ಸ್. ನನ್ನ ಕಂಪ್ಯೂಟರು ಹಳೆಯ 386. ನಿನ್ನ ಹೊಸ ಮೂಗು ಅದರಲ್ಲಿ ಏಳುವುದೇ ಇಲ್ಲ, ಹಾಕಿ ನೋಡಿದೆ. ಹೊಸ ಕಂಪ್ಯೂಟರು ಕೊಡಿಸಿ ಎಂದು ಮ್ಯಾನೇಜರ್ ಕೊಟ್ರೇಶ್ ಸಾಹೇಬರ ಮುಂದೆ ನಿಂತೆ. “ಓಡ್ತಿರೋದನ್ನ ಯಾಕ್ರೀ ಕೆದಕ್ತೀರಾ? ಬಜೆಟ್ಟು ಮುಂದಿನ್ ವರ್ಷ ನೋಡೋಣ ಬಿಡಿ” ಎಂದರು. ಅವರ ಪ್ರಕಾರ ಅದು ಓಡುತ್ತಿದೆ. ಸೊನ್ನೆ ತೋರಿಸಿಕೊಂಡು ಓಡುತ್ತಿದೆ.

ನೀಲಪ್ಪ ಚೆನ್ನಾಗಿದ್ದಾನೆ. ಬಾದಾಮಿ ಕಡೆಯವನು, ಹೆಂಡತಿ ಮಲಕವ್ವನ ಜೊತೆ ಇಲ್ಲೇ ಬೊಮ್ಮಸಂದ್ರದ ಬಾಡಿಗೆ ಕೋಣೆಯಲ್ಲಿದ್ದಾನೆ. ಅವಳೂ ನಮ್ಮಲ್ಲೇ ಡ್ರಮ್ಮು ತೊಳೆಯುತ್ತಾಳೆ. ವರ್ಷಕ್ಕೊಮ್ಮೆ, ಆಯುಧಪೂಜೆಯ ಹಿಂದಿನ ದಿನ, ಆ ಗುಂಡಿಗೆ ಇಳಿದು ರಾಡಿ ಕೆರೆಯುವುದು ಅವನ ಕೆಲಸ. ನಾನು ಬರುವ ಮೊದಲು ಅವನದೇ ಒಂದು ಪದ್ಧತಿಯಿತ್ತು. ಮುಂಜಾನೆ ಮುಚ್ಚಳ ತೆಗೆದು, ಕೋಲಿನಿಂದ ರಾಡಿ ಕದಡಿ, ಗಾಳಿಯಾಡಲು ಬಿಟ್ಟು, ಮಧ್ಯಾಹ್ನ ರೊಟ್ಟಿ ತಿಂದು, ಮೂಸಿ ನೋಡಿ, ಆಮೇಲೆ ಇಳಿಯುವುದು. ಸೈರನ್ ಬಂದ ಮೇಲೆ ಸಾಹೇಬರು ಅದನ್ನು ನಿಲ್ಲಿಸಿದರು. ಅರ್ಧ ದಿನ ದಂಡ ಎಂದರು. ನಾನೂ ಹೌದೆಂದೆ, ಸುಳ್ಳೇಕೆ ಹೇಳಲಿ. ನಮ್ಮ ಮೂಗು ಅರ್ಧ ದಿನ ಉಳಿಸಿತು ಎಂದು ಹೆಮ್ಮೆಯಾಗಿತ್ತು. ಅವನು ಮಾತ್ರ, “ಮಷೀನಿಗೆ ಮೂಗ ಬಂತಂತ ನಮ್ಮ ಮೂಗ ಕೊಯ್ಕೊಂಡು ಕುಂದ್ರಾಕ ಆಗ್ತೈತೇನ್ರೀ ಮೇಡಂ?” ಎಂದು ನಗುತ್ತಿದ್ದ.

ಈಗ ತಿಳಿಯಿತೇ ನಾನೇಕೆ ಹಟ ಹಿಡಿದಿದ್ದೇನೆಂದು? ಆಯುಧಪೂಜೆಗೆ ಎರಡು ತಿಂಗಳಿದೆ. ಅಷ್ಟರಲ್ಲಿ ಇನ್ನೊಂದು ಹೆಗ್ಗಣ ಬರದೇ ಇರುತ್ತದೆಯೇ? ನನ್ನ ಮೇಲಿನ ಸಿಟ್ಟಿಗೆ ಅವನನ್ನು ಗುಂಡಿಗೆ ನೂಕಬೇಡ.

ಸುಮಾ


ಬ್ರೂಕ್‌ಫೀಲ್ಡ್
20-8-1998

ಸುಮಾ,

ಮೂರು ವಾರ ಮಾತಾಡಲಿಲ್ಲ, ಕ್ಷಮಿಸು. ಹಗಲೆಲ್ಲ ಕಂಪನಿಯವರ ವೈಟುಕೆ, ಇಸವಿ ಎರಡು ಸಾವಿರದ ಗಲಾಟೆ, ಸಂಜೆ ಹೊಸ ಮೂಗಿನ ಕೆಲಸ. ಜೊತೆಗೆ ನಿನ್ನ ಕೊನೆಯ ವಾಕ್ಯ ಓದಿ ಉರಿದುಹೋಗಿತ್ತು. ಉರಿ ಇಳಿದ ಮೇಲೆ ಭಾನುವಾರ ಕೂತೆ.

ಫ್ಲಾಪಿ ಇದರ ಜೊತೆಗಿದೆ. ಹೆದರಿದ್ದಷ್ಟು ಕಷ್ಟವೇ ಆಗಲಿಲ್ಲ. ಹೊಸದರಿಂದ ಆ ಹನ್ನೊಂದು ಸಾಲು ತೆಗೆದು ಹಳೆಯದಕ್ಕೆ ಹಾಕಿದೆ. ಎಲ್ಲೂ ತಕರಾರಿಲ್ಲ, ಒಂದೇ ಏಟಿಗೆ ಕೂತಿತು. ಬಾಗಿಲು, ಚೌಕಟ್ಟು ಎಂದು ನಿನಗೆ ಭಾಷಣ ಬಿಗಿದಿದ್ದಕ್ಕೆ ನನಗೇ ನಾಚಿಕೆಯಾಯಿತು. ಕಾಲು ಗಂಟೆಯ ಕೆಲಸಕ್ಕೆ ಒಂದು ತಿಂಗಳು ಕಾಯಿಸಿದೆ.

ಆದರೆ ನನ್ನ ಮನೆಯಲ್ಲಿ ಸೆನ್ಸರಿಲ್ಲ, ಸೈರನ್ನಿಲ್ಲ. ನೀನೇ ಪರೀಕ್ಷೆ ಮಾಡಬೇಕು. ಸೆನ್ಸರಿನ ತಂತಿ ಕಿತ್ತು ನೋಡು. ಸೈರನ್ ಕೂಗಬೇಕು. ಕೂಗಿದರೆ ನನಗೆ ಬರೆ. ನಮ್ಮ ಲಿಸ್ಟಿನ ನಿಯಮ ನೆನಪಿದೆಯಲ್ಲ? ಹಳೆಯದಕ್ಕೆ ಯಾವ ತೇಪೆ ಹೋದರೂ ಅದರ ಕೆಳಗೆ ಎರಡು ಹೆಸರು ಇರಲೇಬೇಕು. ಹಾಕಿದವರು, ಪರೀಕ್ಷಿಸಿದವರು. ಎರಡನೆಯ ಹೆಸರಿಲ್ಲದೆ ಹೊರಗೆ ಬಿಡುವುದಿಲ್ಲ.

ನಿವಿ


ಹೆಬ್ಬಗೋಡಿ
3-9-1998

ನಿವೀ, ನನ್ನ ಬಂಗಾರವೇ,

ಕೂಗಿತು ಕಣೇ!

ಏನಾಯಿತು ಹೇಳುತ್ತೇನೆ ಕೇಳು. ಮಂಗಳವಾರ ಫ್ಲಾಪಿ ಹಾಕಿ, ಮೂಗನ್ನು ಎಬ್ಬಿಸಿ, ಗುಂಡಿಯ ಸೆನ್ಸರಿನ ತಂತಿಯನ್ನು ಕೈಯಾರೆ ಕಿತ್ತೆ. ಕಿವಿ ಮುಚ್ಚಿಕೊಂಡು ನಿಂತೆ. ಅಷ್ಟರಲ್ಲಿ ಟೀ ಗಾಡಿ ಬಂತು. ಅವತ್ತು ಮಿರ್ಚಿ ಬಜ್ಜಿ ಬೇರೆ. ಬಿಟ್ಟರೆ ಆ ಲ್ಯಾಬಿನವರು ಒಂದೂ ಉಳಿಸುವುದಿಲ್ಲ. ನಾನು ಟೀ ಕುಡಿದು, ಬಜ್ಜಿ ತಿಂದು, ಸ್ಟೋರಿನ ಭಾಗ್ಯಮ್ಮನ ಮಗಳ ನಾಮಕರಣದ ಕಥೆ ಕೇಳಿ ಬರುವಷ್ಟರಲ್ಲಿ ಸೈರನ್ ಒಂದೇ ಸಮನೆ ಹೊಡೆದುಕೊಳ್ಳುತ್ತಿತ್ತು! ಅರ್ಧ ಕಾರ್ಖಾನೆ ಅಂಗಳದಲ್ಲಿ. ಕೊಟ್ರೇಶ್ ಸಾಹೇಬರು ಹೆಲ್ಮೆಟ್ ಉಲ್ಟಾ ಹಾಕಿಕೊಂಡು ಓಡಿ ಬಂದಿದ್ದರು. ನನಗೆ ಬೈದಿದ್ದೇ ಬೈದಿದ್ದು. ನಾನು ನಗುತ್ತಲೇ ಇದ್ದೆ.

ನೀಲಪ್ಪನನ್ನು ಕರೆದು ತೋರಿಸಿದೆ. “ನೋಡಪ್ಪಾ, ಇನ್ನು ಮೇಲೆ ತಂತಿ ಹೋದರೂ ಕೂಗುತ್ತೆ. ಸುಮ್ಮನಿದೆ ಅಂದ್ರೆ ಎಲ್ಲ ಸರಿಯಿದೆ ಅಂತಲೇ ಅರ್ಥ” ಎಂದೆ. ಅವನು ತಂತಿಯನ್ನು ಒಮ್ಮೆ, ಸೈರನ್ನನ್ನು ಒಮ್ಮೆ ನೋಡಿ, “ನೀವು ಅಂದ್ರ ಖರೆ ಇರ್ಬೇಕ್ರೀ” ಎಂದ.

ಪರೀಕ್ಷಿಸಿದವರು ಎನ್ನುವ ಕಡೆ ನನ್ನ ಹೆಸರು ದಪ್ಪ ಅಕ್ಷರದಲ್ಲಿ ಹಾಕು. ಎರಡು ವರ್ಷದ ಮೇಲೆ ನಮ್ಮಿಬ್ಬರ ಹೆಸರು ಒಂದೇ ಕಡೆ ಬರುತ್ತಿದೆ. ದೀಪಾವಳಿಗೆ ಇಲ್ಲಿಗೆ ಬಾ, ಅವಲಕ್ಕಿ ಚೂಡಾ ಮಾಡಿ ಕಾಯುತ್ತಿರುತ್ತೇನೆ.

ನಿನ್ನ ಸುಮಾ


ಬ್ರೂಕ್‌ಫೀಲ್ಡ್
10-9-1998

ಸುಮಾ,

ನಿನ್ನ ಪತ್ರ ಓದಿ ಒಬ್ಬಳೇ ಗಹಗಹಿಸಿ ನಕ್ಕೆ. ಉಲ್ಟಾ ಹೆಲ್ಮೆಟ್ಟು ಕಣ್ಣಿಗೆ ಕಟ್ಟಿತು. ಅವತ್ತೇ ಸಂಜೆ ತೇಪೆಯನ್ನು ಹೊರಗೆ ಬಿಟ್ಟೆ. ಹಾಕಿದವರು ನಿವೇದಿತಾ, ಪರೀಕ್ಷಿಸಿದವರು ಸುಮಂಗಲಾ. ಲಿಸ್ಟಿನಲ್ಲಿ ಇನ್ನೂ ಇಬ್ಬರು ಹಳೆಯದರಲ್ಲೇ ಇದ್ದಾರಂತೆ. ಒಬ್ಬರು ಪೋಲೆಂಡಿನ ಹಾಲಿನ ಡೈರಿಯವರು, ಇನ್ನೊಬ್ಬರು ಪೀಣ್ಯದಲ್ಲಿ ಬಣ್ಣದ ಕಾರ್ಖಾನೆಯವರು. ಇಬ್ಬರೂ ಅವತ್ತೇ ಇಳಿಸಿಕೊಂಡರು.

ನನಗೆ ಮನಸ್ಸಿನಲ್ಲಿ ಏನೋ ಒಂದು ಕೊರೆಯುತ್ತಿದೆ, ಏನೆಂದು ಹೇಳಲು ಬರುತ್ತಿಲ್ಲ. ಇಷ್ಟು ಸಲೀಸಾಗಿ ಯಾಕೆ ಕೂತಿತು ಎಂದು ಸ್ನಾನ ಮಾಡುವಾಗ, ಬಸ್ಸಿಗೆ ಕಾಯುವಾಗ ಯೋಚನೆ ಬರುತ್ತದೆ. ತಕರಾರು ಬಂದಿದ್ದರೆ ಒಂದೊಂದು ಸಾಲೂ ಓದಿ ನೋಡುತ್ತಿದ್ದೆ. ಬರಲಿಲ್ಲ, ಓದಲಿಲ್ಲ. ಆದರೆ ನೀನು ತಂತಿ ಕಿತ್ತು ನೋಡಿದ್ದೀಯ, ಕೂಗಿದೆ. ಇನ್ನೇನು ಬೇಕು ಎಂದು ಸುಮ್ಮನಾಗುತ್ತೇನೆ.

ದೀಪಾವಳಿಗೆ ಖಂಡಿತ ಬರುತ್ತೇನೆ. ಚೂಡಾಕ್ಕೆ ಕಡಲೆಬೀಜ ಜಾಸ್ತಿ ಹಾಕು.

ನಿವಿ


ಹೆಬ್ಬಗೋಡಿ
24-9-1998

ನಿವೀ,

ಈ ವಾರ ಪತ್ರ ಚಿಕ್ಕದು. ಇಲ್ಲಿ ಪೂಜೆಯ ಧಾವಂತ. ಮಂಗಳವಾರ, ಅಂದರೆ 29ಕ್ಕೆ, ಗುಂಡಿ ಕೆರೆಯುವುದು. ಬುಧವಾರ ಆಯುಧಪೂಜೆ. ಕುಂಬಳಕಾಯಿ ಆಗಲೇ ಬಂದು ಬಿದ್ದಿವೆ. ನಮ್ಮ ಮೂಗಿಗೂ ವಿಭೂತಿ ಹಚ್ಚಿ ಹಾರ ಹಾಕುತ್ತೇನೆ, ಫೋಟೋ ಕಳಿಸುತ್ತೇನೆ.

ನೀಲಪ್ಪ ಈ ಸಲ ಯಾಕೋ ಹಿಂಜರಿಯುತ್ತಿದ್ದಾನೆ. ರಾಡಿ ದಪ್ಪಗಿದೆ, ಮುಂಜಾನೆಯಿಂದ ಮುಚ್ಚಳ ತೆಗೆದಿಟ್ಟು ಮಧ್ಯಾಹ್ನವೇ ಇಳಿಯುತ್ತೇನೆ ಎಂದ. ಸಾಹೇಬರು ಒಪ್ಪಲಿಲ್ಲ. ಮಧ್ಯಾಹ್ನ ಗುಂಡಿಗೆ ಸುಣ್ಣ ಹೊಡೆಯುವವರು ಬರುತ್ತಾರಂತೆ. ಕೊನೆಗೆ ನಾನೇ ಅವನ ಕೋಣೆಗೆ ಹೋಗಿ ಕೂತೆ. ಮಲಕವ್ವ ರೊಟ್ಟಿ ಬಡಿಯುತ್ತಿದ್ದಳು. ಬಿಸಿ ರೊಟ್ಟಿ, ಪುಂಡಿಪಲ್ಯ ಹಾಕಿಕೊಟ್ಟಳು. ತಿನ್ನುತ್ತಲೇ ಅವನಿಗೆ ಹೇಳಿದೆ. ಮುಚ್ಚಳ ತೆಗಿ, ಐದು ನಿಮಿಷ ನಿಲ್ಲು. ತಂತಿ ಹೋಗಿದ್ದರೂ ಅಷ್ಟರಲ್ಲಿ ಕೂಗೇ ಕೂಗುತ್ತದೆ. ಕೂಗಲಿಲ್ಲವೋ, ಇಳಿ. ಕೆಳಗೆ ರಾಡಿ ಕದಡಿ ಗಾಳಿ ಕೆಟ್ಟರೂ ಆ ಸೆನ್ಸರು ಕೂಗುತ್ತದೆ, ಮೇಲೆ ಬಾ. ಇದನ್ನೇ ಗುಂಡಿಯ ಪಕ್ಕದ ಗೋಡೆಯ ಮೇಲೆ ಕೆಂಪು ಬಣ್ಣದಲ್ಲಿ ಬರೆಸಿದ್ದೇನೆ.

ಮಲಕವ್ವ ರೊಟ್ಟಿ ಬಡಿಯುತ್ತಲೇ ಎಲ್ಲ ಕೇಳಿಸಿಕೊಂಡಳು. ಹೊರಡುವಾಗ ಬಾಗಿಲ ತನಕ ಬಂದು, “ಯವ್ವಾ, ನಿಮ್ಮ ಮಾತಿನ ಮ್ಯಾಲ ಕಳಸ್ತೀನಿ ನೋಡ್ರಿ” ಎಂದಳು. “ಕಳಿಸು ತಾಯಿ, ನಾನೂ ಅಲ್ಲೇ ನಿಂತಿರ್ತೀನಿ” ಎಂದೆ.

ಸುಮಾ


ಕಾರ್ಖಾನೆ ಗೇಟು, ಬೊಮ್ಮಸಂದ್ರ
29-9-1998, ಬೆಳಿಗ್ಗೆ 10.10

ಸುಮಾ,

ನೀಲಪ್ಪನನ್ನು ಇಳಿಸಬೇಡ. ಇಳಿದಿದ್ದರೆ ಈ ಕ್ಷಣ ಮೇಲೆ ಕರೆ. ಮಿಕ್ಕಿದ್ದನ್ನು ಆಮೇಲೆ ಓದು.

ಬೆಳಿಗ್ಗೆ ಪೋಲೆಂಡಿನವರ ಮೇಲ್ ಬಂದಿತ್ತು. ತಂತಿ ಕಿತ್ತು ಗಡಿಯಾರ ಹಿಡಿದು ನೋಡಿದರಂತೆ, ಅವರ ಆರು ಸೆನ್ಸರಿಗೇ ಸೈರನ್ ಕೂಗಲು ಹತ್ತು ನಿಮಿಷ ಹಿಡಿಯಿತಂತೆ. ತಕ್ಷಣ ಸಾಲು ಸಾಲು ಓದಿದೆ. ಇಪ್ಪತ್ತು ಎಣಿಸುವವರೆಗೂ ಸುದ್ದಿ ಬರದಿದ್ದರೆ ಕೂಗು ಎಂದು ನಾನು ಬರೆದಿರುವುದು. ಹೊಸ ಮೂಗು ಗಡಿಯಾರ ನೋಡಿ ಎಣಿಸುತ್ತದೆ. ಇಪ್ಪತ್ತು ಎಂದರೆ ಇಪ್ಪತ್ತು ಸೆಕೆಂಡು. ಹಳೆಯದಕ್ಕೆ ಗಡಿಯಾರವೇ ಇಲ್ಲ. ಅದು ಸುತ್ತು ಎಣಿಸುತ್ತದೆ. ನಿನ್ನ ಹನ್ನೆರಡು ಸೆನ್ಸರಿನ ಒಂದು ಸುತ್ತಿಗೆ ಒಂದು ನಿಮಿಷ. ಇಪ್ಪತ್ತು ಸುತ್ತಿಗೆ ಇಪ್ಪತ್ತು ನಿಮಿಷ. ನೀನು ಟೀ ಕುಡಿದು ಬಂದೆಯಲ್ಲ ಸುಮಾ, ಅಷ್ಟು ಹೊತ್ತು ಅದು ಸುಮ್ಮನಿತ್ತು. ನಿನ್ನ ಐದು ನಿಮಿಷ ಸಾಲದು.

ಎಂಟಕ್ಕೇ ನಿಮ್ಮ ಆಫೀಸಿಗೆ ಫೋನ್ ಮಾಡಿದೆ. ಪೂಜೆಯ ತಯಾರಿ, ಒಳಗೆ ಲೈನ್ ಕೊಡುವುದಿಲ್ಲ ಎಂದರು. ಕೈನೆಟಿಕ್ ಸ್ಕೂಟರ್ ಹತ್ತಿ ವರ್ತೂರು, ಸರ್ಜಾಪುರದ ಮೇಲೆ ಬಂದೆ. ಈ ಕಾವಲಿನ ದಾಸಪ್ಪ ಬಿಡುತ್ತಿಲ್ಲ. “ಇವತ್ತು ಒರಗಿನವ್ರನ್ನ ಒಳಕ್ಕೆ ಬುಡಂಗಿಲ್ಲ ಮೇಡಂ. ಊಟಕ್ಕೆ ಬತ್ತಾರೆ, ಇಲ್ಲೇ ಕೂತ್ಕಳಿ” ಎನ್ನುತ್ತಾನೆ. ಜೀವದ ವಿಷಯ ಎಂದು ಕೂಗಾಡಿದೆ. ವಿಸಿಟರ್ ಚೀಟಿ ಕೊಟ್ಟು ಬರೆದುಕೊಡಿ, ಕಳಿಸುತ್ತೇನೆ ಎಂದ. ಅದರ ಹಿಂದೆಯೇ ಬರೆಯುತ್ತಿದ್ದೇನೆ. ಒಯ್ಯುವವರು ಬರಬೇಕಂತೆ.

ಬೇಗ ಬಾ. ಗೇಟಿನ ಹತ್ತಿರ

ಸೈರನ್ ಕೂಗುತ್ತಿದೆ.

ದಾಸಪ್ಪ, “ನೋಡಿ, ಅದ್ಯಾಕಂಗೆ ಎದರ್ಕತೀರಿ, ಮಿಸಿನ್ನು ಚೆನ್ನಾಗೇ ಕೂಗ್ತೈತಲ್ಲ” ಎನ್ನುತ್ತಿದ್ದಾನೆ.

ಈಗ 10.18.

ನಿವಿ


ಬ್ರೂಕ್‌ಫೀಲ್ಡ್
15-10-1998

ಸುಮಾ,

ಅವತ್ತು ಆಂಬುಲೆನ್ಸಿಗೆ ಗೇಟು ತೆಗೆದಾಗ ನೀನು ಅದರ ಹಿಂದೆ ಬರಿಗಾಲಿನಲ್ಲಿ ಓಡುತ್ತಿದ್ದೆ. ನಾನು ಕರೆದೆ. ನಿನಗೆ ಕೇಳಿಸಲಿಲ್ಲವೋ, ಕೇಳಿಸಿಯೂ ತಿರುಗಲಿಲ್ಲವೋ. ಎರಡು ಸಲ ನಿನ್ನ ಕೋಣೆಗೆ ಬಂದೆ. ಬೀಗ ಹಾಕಿತ್ತು. ನೀಲಪ್ಪನ ವಿಷಯ ಶ್ಯಾಮಣ್ಣನಿಂದ ತಿಳಿಯಿತು. ಹೇಳುವಾಗ ಅವರು ನನ್ನ ಮುಖ ನೋಡಲಿಲ್ಲ.

ಅವತ್ತು ಮನೆಗೆ ಬಂದವಳೇ ತೇಪೆಯನ್ನು ಹಿಂದಕ್ಕೆ ತೆಗೆದುಕೊಂಡೆ. ಪೋಲೆಂಡಿನವರಿಗೆ ಬರೆದೆ. ಪೀಣ್ಯಕ್ಕೆ ನಾನೇ ಹೋಗಿ ಎದುರಿಗೆ ನಿಂತು ತೆಗೆಸಿದೆ. ಈಗ ಸರಿಮಾಡಿದ್ದು ಈ ಫ್ಲಾಪಿಯಲ್ಲಿದೆ. ಇಪ್ಪತ್ತನ್ನು ಎರಡು ಮಾಡಿದ್ದೇನೆ. ಒಂದು ಸೊನ್ನೆ ಅಳಿಸಿದೆ, ಅಷ್ಟೇ ಕೆಲಸ ಇದ್ದದ್ದು.

ಹದಿನೈದು ದಿನದಿಂದ ಒಂದೇ ವಿಷಯ ತಲೆಯಲ್ಲಿ ತಿರುಗುತ್ತಿದೆ. ತಂತಿ ಕಿತ್ತರೆ ಕೂಗಬೇಕು ಎಂದು ಬರೆದೆ. ಎಷ್ಟು ಹೊತ್ತಿಗೆ ಎಂದು ಬರೆಯಲಿಲ್ಲ. ಬರೆದಿದ್ದರೆ ನೀನು ಟೀಗೆ ಹೋಗುತ್ತಿರಲಿಲ್ಲ. ನಿನ್ನ ಪತ್ರದಲ್ಲಿ ಉತ್ತರ ಎದುರಿಗೇ ಇತ್ತು, ನಾನು ಹೆಲ್ಮೆಟ್ಟಿಗೆ ನಗುತ್ತಾ ಕೂತೆ. ತಪ್ಪು ನನ್ನದು ಸುಮಾ. ನೀನು ಬಯ್ದರೂ ಸರಿ, ಬರೆ.

ಲಿಸ್ಟಿನವರು ಕೇಳುತ್ತಿದ್ದಾರೆ. ಹಳೆಯ ತೇಪೆಯ ದಾಖಲೆ ಹಾಗೇ ಉಳಿಯುತ್ತದೆ, ಅಳಿಸುವ ಪದ್ಧತಿಯಿಲ್ಲ. ಅದರ ಕೆಳಗೆ ಪರೀಕ್ಷಿಸಿದವರು ಎಂದು ನಿನ್ನ ಹೆಸರಿದೆ, ಹೆಸರು ಮಾತ್ರ ತಿದ್ದಬಹುದು. ತೆಗೆಯಲೇ, ಬಿಡಲೇ?

ನಿವೇದಿತಾ


ಹೆಬ್ಬಗೋಡಿ
12-11-1998

ನಿವೇದಿತಾ,

ನಿನ್ನ ಚೀಟಿ ನನಗೆ ಸೇರಿದ್ದು ಅವತ್ತು ಸಂಜೆ ನಾಲ್ಕಕ್ಕೆ. ದಾಸಪ್ಪ ಅಳುತ್ತಾ ತಂದುಕೊಟ್ಟ. ಅದನ್ನು ಓದಿ ನಿನ್ನ ಮೇಲೆ ಬಂದ ಸಿಟ್ಟು ಇಷ್ಟು ದಿನ ನನ್ನ ಕೈ ಹಿಡಿದಿತ್ತು. ನನ್ನ ಮೇಲೂ ಅಷ್ಟೇ ಬಂದಿದೆ, ಅದು ಹೋಗುವ ಹಾಗೆ ಕಾಣುವುದಿಲ್ಲ.

ನಡೆದದ್ದನ್ನು ಹೇಳುತ್ತೇನೆ. ಒಮ್ಮೆ ಮಾತ್ರ ಬರೆಯುತ್ತೇನೆ, ಮತ್ತೆ ಕೇಳಬೇಡ. ಹತ್ತಕ್ಕೆ ಎರಡು ನಿಮಿಷವಿರುವಾಗ ಪಂಪಿನ ಪೈಪನ್ನು ಗುಂಡಿಯ ಹತ್ತಿರ ಎಳೆದು ತಂದರು. ಎಳೆಯುವಾಗ ಸೆನ್ಸರಿನ ತಂತಿಯ ಜೋಡಣೆ ಬಿಚ್ಚಿಕೊಂಡಿತು. ಆಗ ನಾನು ನೋಡಲಿಲ್ಲ, ಆಮೇಲೆ ತಿಳಿಯಿತು. ಹತ್ತಕ್ಕೆ ಮುಚ್ಚಳ ತೆಗೆದರು. ನಾನು ಕಂಪ್ಯೂಟರ್ ನೋಡಿದೆ, ಸೊನ್ನೆ. ಗಡಿಯಾರ ಹಿಡಿದು ಐದು ನಿಮಿಷ ನಿಂತೆ. ಹೌದು, ಅವತ್ತು ಗಡಿಯಾರ ಹಿಡಿದಿದ್ದೆ. ಕೂಗಲಿಲ್ಲ. ನೀಲಪ್ಪ ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ನನ್ನ ಮುಖ ನೋಡಿದ. “ಇಳೀರಿ ನೀಲಪ್ಪ” ಎಂದೆ. ಈ ಎರಡು ಮಾತು ನನ್ನವು, ಇನ್ಯಾರವೂ ಅಲ್ಲ.

ಹಗ್ಗದ ತುದಿ ಮಲಕವ್ವನ ಕೈಲಿತ್ತು. ಕೆಳಗೆ ಸಲಿಕೆಯ ಸದ್ದು ಕೇಳುತ್ತಿತ್ತು, ನಾಲ್ಕೈದು ಸಲ ಕೇಳಿ ನಿಂತಿತು. ಅವಳು ಕರೆದಳು. ಮತ್ತೆ ಕರೆದಳು. ನಾವೆಲ್ಲ ಸೇರಿ ಹಗ್ಗ ಎಳೆದೆವು. ಅವನನ್ನು ನೆಲದ ಮೇಲೆ ಮಲಗಿಸಿ ಎದೆ ಒತ್ತುತ್ತಿದ್ದಾಗ ಸೈರನ್ ಶುರುವಾಯಿತು. ಮಲಕವ್ವ ಅದರ ಕಡೆ ತಿರುಗಿ ನೋಡಿದಳು. ಆ ನೋಟ ಹೇಗಿತ್ತೆಂದು ಬರೆಯಲು ನನ್ನಿಂದ ಆಗುವುದಿಲ್ಲ.

ಸರ್ಕಾರದ ಕಾರ್ಖಾನೆ ಇನ್ಸ್‌ಪೆಕ್ಟರು ಬಂದರು. ಸೈರನ್ ಕೂಗಿದ್ದನ್ನು ಇನ್ನೂರು ಜನ ಕೇಳಿದ್ದಾರೆ. ಕೊಟ್ರೇಶ್ ಸಾಹೇಬರು ಒಂದು ಕಾಗದ ಸಿದ್ಧಮಾಡಿ ತಂದರು. ಸೈರನ್ ಸರಿಯಾಗಿ ಕೆಲಸ ಮಾಡಿದೆ, ಕಾರ್ಮಿಕ ಅದನ್ನು ಲೆಕ್ಕಿಸದೆ ಅವಸರದಲ್ಲಿ ಇಳಿದ ಎಂದು ಅದರಲ್ಲಿತ್ತು. “ಸಹಿ ಹಾಕ್ರೀ ಸುಮಂಗಲಾ, ನಿಮಗೂ ಒಳ್ಳೇದು. ಹೋದೋನು ಹೋದ” ಎಂದರು. ಅರ್ಧ ದಿನ ಕಾಯುತ್ತೇನೆ ಎಂದು ಬೇಡಿಕೊಂಡವನನ್ನು ಅವಸರದವನು ಎಂದು ಬರೆದಿದ್ದರು ನಿವಿ. ನಾನು ಸಹಿ ಹಾಕಲಿಲ್ಲ. ಇನ್ಸ್‌ಪೆಕ್ಟರ ಎದುರಿಗೇ ತಂತಿ ಕಿತ್ತೆ. ಎಲ್ಲರನ್ನೂ ನಿಲ್ಲಿಸಿದೆ. ಟೀ ಗಾಡಿ ಬಂತು, ಯಾರನ್ನೂ ಕದಲಲು ಬಿಡಲಿಲ್ಲ. ಇಪ್ಪತ್ತು ನಿಮಿಷ ಎಷ್ಟು ಉದ್ದವೆಂದು ಅವತ್ತು ಅಲ್ಲಿ ನಿಂತಿದ್ದವರಿಗೆಲ್ಲ ಗೊತ್ತಾಯಿತು. ಆಮೇಲೆ ನಿನ್ನ ಪತ್ರಗಳನ್ನೂ ಆ ಚೀಟಿಯನ್ನೂ ಅವರ ಕೈಗಿಟ್ಟೆ. ನಿನ್ನನ್ನು ಕೇಳದೆ ಕೊಟ್ಟೆ. ನಿನ್ನ ಹತ್ತಿರವೂ ಬರುತ್ತಾರೆ, ಇದ್ದದ್ದನ್ನು ಇದ್ದ ಹಾಗೆ ಹೇಳು.

ನನ್ನ ಕೆಲಸ ಹೋದ ವಾರ ಹೋಯಿತು. ಬಿಡುವ ಮೊದಲು ನಿನ್ನ ಹೊಸ ಫ್ಲಾಪಿ ಹಾಕಿ, ಹನ್ನೆರಡೂ ತಂತಿಗಳನ್ನು ಒಂದೊಂದಾಗಿ ಕಿತ್ತು ಗಡಿಯಾರ ನೋಡಿದೆ. ಯಾವುದೂ ಎರಡು ನಿಮಿಷ ದಾಟಲಿಲ್ಲ. ಅದಕ್ಕೆ ನನ್ನ ಹೆಸರು ಹಾಕಬಹುದು.

ಮಲಕವ್ವ ನಾಳೆ ಊರಿಗೆ ಹೊರಡುತ್ತಾಳೆ. ನೋಡಲು ಹೋಗಿದ್ದೆ. ಒಲೆ ಹಚ್ಚಿದ್ದಳು, ದಾರಿಗೆ ಬುತ್ತಿ ಬೇಕಲ್ಲ. ಕೂರು ಎನ್ನಲಿಲ್ಲ, ಹೋಗು ಎಂದೂ ಅನ್ನಲಿಲ್ಲ. ಹಿಟ್ಟು ನಾದುತ್ತಲೇ, “ಎಷ್ಟೊತ್ತು ಸುಮ್ಮನಿತ್ತವ್ವಾ ಅದು?” ಎಂದು ಕೇಳಿದಳು. ಇಪ್ಪತ್ತು ನಿಮಿಷ ಎಂದೆ. ಅವಳ ಕೈ ಹಿಟ್ಟಿನ ಮೇಲೆ ನಿಂತಿತು. “ಇಪ್ಪತ್ತ ನಿಮಿಷದಾಗ ನಾ ಹತ್ತ ರೊಟ್ಟಿ ಬಡೀತೀನಿ” ಎಂದಳು. ಮತ್ತೆ ಬಡಿಯತೊಡಗಿದಳು. ನಾನು ಹತ್ತು ರೊಟ್ಟಿ ಆಗುವವರೆಗೂ ಅಲ್ಲೇ ನಿಂತಿದ್ದು ಬಂದೆ.

ನೀನು ಕೇಳಿದ್ದಕ್ಕೆ ಉತ್ತರ. ಆ ಹಳೆಯ ತೇಪೆಯ ಕೆಳಗಿನಿಂದ ನನ್ನ ಹೆಸರು ತೆಗೆ. ಅದನ್ನು ನಾನು ಪರೀಕ್ಷಿಸಲಿಲ್ಲ, ನಾನು ಬಜ್ಜಿ ತಿನ್ನುತ್ತಿದ್ದೆ. ಅಲ್ಲಿ ಹೀಗೆ ಬರೆ:

ಹಾಕಿದವರು: ನಿವೇದಿತಾ.
ಪರೀಕ್ಷಿಸಿದವರು: ನೀಲಪ್ಪ.

ಸುಮಂಗಲಾ